ಹನ್ನೊಂದನೇ ನಂಬರಿನ ಅಂಗಿ

ವಲ್ಲಾರ್ಪಾಡಂ, ಕೊಚ್ಚಿ
20 ಜುಲೈ 2025

ಪ್ರಿಯ ಸುಮಿತ್ರ,

ಎಷ್ಟೋ ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ವಿಳಾಸ ಹಳೆಯದು, ನೀನು ಇನ್ನೂ ಅಲ್ಲಿಯೇ ಇದ್ದೀ ಎಂದುಕೊಂಡು ಹಾಕುತ್ತೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಬೇಗ ಬೇರೆ ವಿಷಯಕ್ಕೆ ಹೊರಳಿಬಿಡುತ್ತೀ, ನಾನೂ ಹಿಂದೆಯೇ ಬಂದುಬಿಡುತ್ತೇನೆ. ವಾಟ್ಸಾಪಿನಲ್ಲಿ ಹಾಕಿದರೆ ಯಾರು ಯಾರಿಗೆ ದಾಟಿಸುತ್ತಾರೋ ತಿಳಿಯದು. ಆದ್ದರಿಂದ ಕಾಗದ.

ಪೇಪರ್ ನೋಡಿರುತ್ತೀ. ಈಗಿನ ಹುಡುಗಿಯರು ಏಷ್ಯಾ ಕಪ್ಪಿಗೆ ಅರ್ಹರಾದ ಮೇಲೆ ಎಲ್ಲರಿಗೂ ಹಳಬರ ನೆನಪಾಗಿದೆ. ನಲವತ್ತೈದು ವರ್ಷದ ಹಿಂದೆ ಏಷ್ಯಾದಲ್ಲಿ ಎರಡನೆಯದಾಗಿ ಬಂದ ಭಾರತದ ಹೆಂಗಸರ ಫುಟ್‌ಬಾಲ್ ತಂಡಕ್ಕೆ ತಿರುವನಂತಪುರದಲ್ಲಿ ಸನ್ಮಾನವಂತೆ. ಯಾವುದೋ ಸಮಿತಿಯವರು ಮಾಡುವುದು. ಸ್ಟೇಡಿಯಮ್ಮಿನ ಗೋಡೆಯಲ್ಲಿ ಕರಿಕಲ್ಲು ಕೂರಿಸಿ ಆಡಿದವರ ಹೆಸರು ಕೆತ್ತಿಸುತ್ತಾರಂತೆ. ಹೆಸರುಗಳನ್ನೂ ಕೊಟ್ಟಿದ್ದರು. ನಾನು ಮಲಯಾಳ ಓದುವುದು ಇವತ್ತಿಗೂ ಒಂದೊಂದೇ ಅಕ್ಷರ ಕೂಡಿಸಿ. ಹನ್ನೊಂದನೇ ನಂಬರಿಗೆ ಬರುವಾಗ ಕೈಯಲ್ಲಿದ್ದ ಚಾ ಆರಿಹೋಗಿತ್ತು. ಸುಮಿತ್ರ, ಮಂಗಳೂರು, ಲೆಫ್ಟ್ ವಿಂಗ್.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಬೇಸರಿಸಬೇಡ. ಯಾರೂ ಬರೆಯದೆ ಬಿಟ್ಟದ್ದರಿಂದಲೇ ಇಷ್ಟಾಯಿತು. ಆರಿಸಿದ್ದು ನಿನ್ನನ್ನು. ಹೊರಡುವ ವಾರ ನಿನಗೆ ಕಾಮಾಲೆ ಬಂತು. ಹೆಸರುಗಳು ಆಗಲೇ ಹೋಗಿ ಅಚ್ಚೂ ಆಗಿದ್ದವು. ಬದಲಾಯಿಸಲು ಹೋದರೆ ನಮ್ಮ ಊರಿನ ಒಂದು ಜಾಗವೇ ಕೈತಪ್ಪುತ್ತದೆ ಎಂದು ಆಟ ಕಲಿಸುತ್ತಿದ್ದ ಮಾಸ್ಟ್ರಿಗೆ ಹೆದರಿಕೆ. ಮೈದಾನದ ಬದಿಯ ಮರದಡಿ ನನ್ನನ್ನು ನಿಲ್ಲಿಸಿ, "ಜುಬೈದಾ, ವಾಪಸು ಬರುವವರೆಗೆ ನೀನೇ ಸುಮಿತ್ರ, ಆಯ್ತಾ? ಯಾರು ಕೇಳಿದ್ರೂ ಹಾಗೇ ಹೇಳ್ಬೇಕು" ಅಂದರು. ನನಗೂ ಅದೇ ಬೇಕಿತ್ತು. ಅಪ್ಪ ಸರಕಿನ ಹಾಯಿಹಡಗು ಮಂಜಿಯಲ್ಲಿ ಲಕ್ಷದ್ವೀಪದ ಕಡೆಗೆ ಹೋಗಿದ್ದರು. ನನ್ನ ಹೆಸರು ಪೇಪರಿನಲ್ಲಿ ಬಂದಿದ್ದರೆ, ಚಡ್ಡಿ ಹಾಕಿ ಓಡುವ ಮಗಳ ಸುದ್ದಿ ಬಂದರಿನಲ್ಲಿ ಅವರಿಗಾಗಿ ಕಾದು ನಿಂತಿರುತ್ತಿತ್ತು. ಉಮ್ಮನಿಗೆ ಮಾತ್ರ ಗೊತ್ತು. ಆಟ ಇದ್ದದ್ದು ಕೋಯಿಕ್ಕೋಡಿನಲ್ಲಿ, ಅಲ್ಲಿಗೆ ಮದುವೆಗೆ ಹೋಗಿದ್ದಾಳೆ ಎಂದು ಕೇಳಿದವರಿಗೆಲ್ಲ ಹೇಳಿದರು. ಮದುವೆಗೆ ಹೋದವಳು ಎರಡೂ ಮೊಣಕಾಲು ತರಚಿಕೊಂಡು ಬಂದೆ.

ಅಂಗಿಯನ್ನೂ ಸರ್ಟಿಫಿಕೇಟನ್ನೂ ನಿನ್ನ ಮನೆಯಲ್ಲಿ ಬಿಟ್ಟು ಹೋದೆ. ನಮ್ಮ ಮನೆಗೆ ತರುವ ಹಾಗಿರಲಿಲ್ಲ. ಅದರಿಂದ ನಿನಗೆ ಕ್ರೀಡಾಪಟುಗಳ ಲೆಕ್ಕದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತೆಂದು ಕೇಳಿದಾಗ ನನಗೆ ಖುಷಿಯೇ ಆಗಿತ್ತು, ಸುಳ್ಳಲ್ಲ. ಅದರ ತಂಟೆ ನನಗೆ ಈಗಲೂ ಬೇಡ. ಆದರೆ ಕಲ್ಲಿನಲ್ಲಿ ಕೆತ್ತಿದ ಮೇಲೆ ಮುಗಿಯಿತು. ಅಪ್ಪ ಇಲ್ಲ, ಉಮ್ಮ ಇಲ್ಲ, ಮಾಸ್ಟ್ರೂ ಇಲ್ಲ. ನನ್ನ ಹೆಸರು ಎಲ್ಲಿಯಾದರೂ ಕಾಣಿಸಿದರೆ ಹೆದರಬೇಕಾದವರು ಯಾರೂ ಉಳಿದಿಲ್ಲ.

ಕಲ್ಲು ಕೆತ್ತುವ ಮೊದಲು ನೀನು ಅವರಿಗೆ ಹೇಳುತ್ತೀಯಾ?

ನಿನ್ನ
ಜುಬೈದಾ


ಶ್ರೀಕಾರ್ಯಂ, ತಿರುವನಂತಪುರ
11 ಆಗಸ್ಟ್ 2025

ಪ್ರೀತಿಯ ಜುಬಿ,

ನಿನ್ನ ಅಕ್ಷರ ಒಂದಿಷ್ಟೂ ಬದಲಾಗಿಲ್ಲ. ಲಕೋಟೆಯ ಮೇಲೆ ನೋಡಿದಾಗಲೇ ತಿಳಿಯಿತು. ಒಡೆಯದೆ ಟಿ.ವಿ.ಯ ಮೇಲೆ ಇಟ್ಟಿದ್ದೆ. ದಿನಾ ಧೂಳು ಒರೆಸುವಾಗ ಎತ್ತಿ ಮತ್ತೆ ಅಲ್ಲಿಯೇ ಇಡುತ್ತಿದ್ದೆ.

ಇಲ್ಲಿ ಮಳೆ ನಿಲ್ಲುತ್ತಿಲ್ಲ. ಎಡಗಾಲಿನ ಮೊಣಕಾಲು ಮಡಚಲು ಆಗುವುದಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ, "ಹಳೇ ಫುಟ್‌ಬಾಲ್ ಏಟು ಇರ್ಬೇಕು ಮೇಡಂ" ಎಂದರು. ನಾನು ಏನೂ ಹೇಳಲಿಲ್ಲ. ಹೀಗೆ ಏನೂ ಹೇಳದೆ ಇದ್ದದ್ದೇ ಹೆಚ್ಚು, ಜುಬಿ. ಹೇಳಿದ್ದು ಕಡಿಮೆ.

ನಮ್ಮವರು ಕಮಲಾಕ್ಷರು ತೀರಿಹೋದದ್ದು ನಿನಗೆ ಗೊತ್ತಾಗಿರಲಿಲ್ಲವೇನೋ. ಮೂರು ವರ್ಷವಾಯಿತು. ತುಂಬಾ ಕೇಂದ್ರದ ರಾಕೆಟ್ಟಿನ ಕೆಲಸದಿಂದ ನಿವೃತ್ತರಾಗಿ ಹೆಚ್ಚು ದಿನ ಇರಲಿಲ್ಲ. ಹುಡುಗಿ ನೋಡಲು ಬಂದಾಗ ಅವರ ಮನೆಯವರಿಗೆ ನನ್ನ ಬಣ್ಣ ಒಪ್ಪಿಗೆಯಾಗಿರಲಿಲ್ಲ. "ಇಂಡಿಯಾಕ್ಕೆ ಆಡಿದ ಹುಡುಗಿ, ಇವಳೇ ಆಗ್ಬೇಕು" ಎಂದು ಹಟ ಹಿಡಿದದ್ದು ಅವರು. ಅಷ್ಟು ಖುಷಿಯಲ್ಲಿದ್ದ ಮನುಷ್ಯನಿಗೆ ಅಲ್ಲ ಎನ್ನುವುದು ಹೇಗೆ? ಮೊದಲ ವರ್ಷ ಹೇಳಲು ಧೈರ್ಯ ಬರಲಿಲ್ಲ. ಆಮೇಲೆ ಹೇಳಬೇಕಾದ್ದು ಏನಾದರೂ ಇದೆ ಎನ್ನುವುದೇ ಮರೆಯುತ್ತಾ ಬಂತು.

ಈ ಸನ್ಮಾನಕ್ಕೆಲ್ಲ ಕಾರಣ ನನ್ನ ಮಗಳು ಕೃಪಾ. ಟೆಕ್ನೋಪಾರ್ಕಿನಲ್ಲಿ ಕೆಲಸ, ರಜೆಯ ದಿನವೆಲ್ಲ ಆ ತಂಡದ ಚರಿತ್ರೆಯ ಹಿಂದೆ. ಪುಸ್ತಕ ಮಾಡುತ್ತಾಳಂತೆ. ಗಂಡಸರ ಸಂಘದವರು ಹತ್ತಿರ ಸೇರಿಸದಿದ್ದದ್ದು, ಹೆಂಗಸರು ತಮ್ಮದೇ ಸಂಘ ಕಟ್ಟಿದ್ದು, ರಿಸರ್ವೇಶನ್ ಇಲ್ಲದ ಬೋಗಿಯ ಬಾಗಿಲಲ್ಲಿ ಕೂತು ಊರೂರಿಗೆ ಹೋದದ್ದು, ಮೂರು ವರ್ಷದ ಮೇಲೆ ಹೊರದೇಶದಲ್ಲಿ ಮತ್ತೊಮ್ಮೆ ಎರಡನೆಯ ಸ್ಥಾನ, ಆಮೇಲೆ ಒಬ್ಬೊಬ್ಬರೇ ರೈಲ್ವೆ, ಪೊಲೀಸು, ಮದುವೆ ಎಂದು ಕರಗಿಹೋದದ್ದು. ಎಲ್ಲವನ್ನೂ ಅವಳು ನನಗೆ ಓದಿ ಹೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. "ಅಮ್ಮಾ, ಇದೊಂದೂ ನೀನು ನಂಗೆ ಹೇಳಿಯೇ ಇಲ್ಲ" ಎಂದು ಹೆಮ್ಮೆಯಿಂದ ಜಗಳವಾಡುತ್ತಾಳೆ.

ಹೇಳುತ್ತೇನೆ. ಖಂಡಿತ ಹೇಳುತ್ತೇನೆ. ಆದರೆ ಸಮಿತಿಗೆ ಬರೆದು ಕೊಟ್ಟರೆ ಅದು ಫೈಲಿಗೆ ಹೋಗುತ್ತದೆ, ಫೈಲು ಬ್ಯಾಂಕಿಗೂ ಹೋಗಬಹುದು. ಬಾಯಿಯಲ್ಲಿ ಹೇಳಿದ್ದು ಚಪ್ಪಾಳೆಯಲ್ಲಿ ಮುಗಿಯುತ್ತದೆ. ವೇದಿಕೆಯ ಮೇಲೆ ಹೇಳುತ್ತೇನೆ, ಎಲ್ಲರೆದುರು. ಕಲ್ಲು ಕೆತ್ತುವುದು ಸನ್ಮಾನ ಆದ ಮೇಲೆಯೇ ಅಂತೆ. ನೀನೂ ಭಾವನೂ ಬನ್ನಿ. ನಿನ್ನನ್ನು ಮೇಲಕ್ಕೆ ಕರೆಯುತ್ತೇನೆ.

ನಿನ್ನವಳೇ
ಸುಮಿ


ವಲ್ಲಾರ್ಪಾಡಂ
30 ಆಗಸ್ಟ್ 2025

ಸುಮಿ,

ಕಮಲಾಕ್ಷರ ಸುದ್ದಿ ಗೊತ್ತಿತ್ತು. ಬರಲಿಲ್ಲ. ಅದಕ್ಕೂ ಮೊದಲು ನೀನು ಬ್ಯಾಂಕಿನ ಕೆಲಸಕ್ಕೆಂದು ಎರ್ನಾಕುಳಂನಲ್ಲಿ ಒಂದು ವಾರ ಇದ್ದು, ಸೇತುವೆ ದಾಟಿ ನಮ್ಮ ಮನೆಗೆ ಬರದೆ ಹೋಗಿದ್ದೆ. ಅಷ್ಟಕ್ಕೆ ಅಷ್ಟು ಎಂದುಕೊಂಡಿದ್ದೆ. ಈಗ ಬರೆಯುವಾಗ ಅದು ಸಣ್ಣ ಬುದ್ಧಿ ಅನ್ನಿಸುತ್ತದೆ.

ನಿನ್ನ ಕಾಗದ ಬಂದ ದಿನವೇ ಇವರಿಗೆ ಹೇಳಿಬಿಟ್ಟೆ. ನಮ್ಮವರ ಫುಟ್‌ಬಾಲ್ ಹುಚ್ಚು ನಿನಗೆ ತಿಳಿಯದು. ಬಂದರಿನ ಕೆಲಸದಲ್ಲಿ ಇದ್ದಾಗ ವರ್ಲ್ಡ್ ಕಪ್ಪಿಗೆಂದೇ ರಜೆ ಉಳಿಸುತ್ತಿದ್ದರು. ಈಗಲೂ ಆ ತಿಂಗಳು ಮನೆಯ ಮುಂದೆ ಬ್ರೆಜಿಲಿನ ಹಳದಿ ಬಾವುಟ. ಮದುವೆಯಾದಂದಿನಿಂದ ನನಗೆ ಲೋಟ, ಬಸಿ, ಉಪ್ಪಿನ ಭರಣಿ ಇಟ್ಟು ಆಫ್‌ಸೈಡ್ ಎಂದರೇನು ಎಂದು ವಿವರಿಸುತ್ತಿರುವ ಮನುಷ್ಯ. ನಾನು ಪ್ರತಿ ಸಲವೂ "ಓಹೋ" ಎನ್ನುತ್ತೇನೆ.

"ನೀನಾ?" ಅಂದರು.

"ನಾನೇ."

"ಇಂಡಿಯಾಕ್ಕೆ?"

"ಹೌದು."

"ಸೀರೆ ಉಟ್ಟಾ?"

"ಚಡ್ಡಿ ಹಾಕಿ."

"ಎಂತ ಮಾರಾಯ್ತಿ ನೀನು, ಚಾ ಕುಡಿಯುವಾಗ ನಗಾಡಿಸಬೇಡ. ಗಂಟಲಿಗೆ ಹೋಗ್ತದೆ."

ನಾನು ನಗಲಿಲ್ಲ. ಆಮೇಲೆ ಅವರೂ ನಿಲ್ಲಿಸಿದರು. ಹಾಗಾದರೆ ಪೇಪರಿನಲ್ಲಿ ನನ್ನ ಹೆಸರು ಯಾಕಿಲ್ಲ ಎಂದು ಕೇಳಿದರು. ಮಾಸ್ಟ್ರು, ಕಾಮಾಲೆ, ಮಂಜಿ, ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಮುಖ ಬೇರೆಯಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದವಳು ಇಷ್ಟು ದೊಡ್ಡದನ್ನು ಮುಚ್ಚಿಟ್ಟಿದ್ದರೆ ಇನ್ನೇನೆಲ್ಲ ಇದೆಯೋ ಎಂದುಕೊಂಡಿರಬೇಕು. ಅಥವಾ ಇವಳಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ಕೊನೆಗೆ ಅಂದರು: "ಆಯ್ತು. ಅವರು ಅಲ್ಲಿ ಮೈಕಿನಲ್ಲಿ ಹೇಳಲಿ. ನಾನು ಬಂದು ಕೂತು ಕೇಳ್ತೇನೆ. ಕೇಳಿದ್ರೆ ನಂಬ್ತೇನೆ."

ಹಾಗಾಗಿ ಈಗ ಎರಡು ವಿಷಯ ನಿನ್ನ ಬಾಯಿಯಲ್ಲಿ ಉಂಟು, ಸುಮಿ. ಒಂದು ಆ ಕಲ್ಲು. ಇನ್ನೊಂದು ನಮ್ಮ ಮನೆ. ಬ್ಯಾಂಕಿನ ಮಾತು ನೀನು ಎತ್ತುವುದೇ ಬೇಡ. "ಆ ಸಲ ನನಗೆ ಹುಷಾರಿರಲಿಲ್ಲ, ಹನ್ನೊಂದನೇ ನಂಬರಿನಲ್ಲಿ ಆಡಿದ್ದು ಜುಬೈದಾ." ಅಷ್ಟೇ.

ಜುಬೈದಾ


ಶ್ರೀಕಾರ್ಯಂ
19 ಸೆಪ್ಟೆಂಬರ್ 2025

ಪ್ರೀತಿಯ ಜುಬಿ,

ತಾರೀಕು ಗೊತ್ತಾಯಿತು. ಅಕ್ಟೋಬರ್ 18, ಶನಿವಾರ ಸಂಜೆ. ಸಭಾಂಗಣ ತಂಪಾನೂರಿಗೆ ಹತ್ತಿರ, ರೈಲು ಇಳಿದರೆ ಆಟೋ ಕೂಡ ಬೇಡ. ನಮ್ಮಲ್ಲಿ ಉಳಿಯಿರಿ ಎನ್ನಬೇಕು. ಆದರೆ ಕೃಪಾ ಇರುತ್ತಾಳೆ, ಅವಳಿಗೆ ಮುಂಚೆಯೇ ಏನಾದರೂ ತಿಳಿದರೆ ವೇದಿಕೆಯಲ್ಲಿ ನನಗೆ ಬಾಯಿ ಬರುವುದಿಲ್ಲ. ನಿನಗೆ ಅರ್ಥವಾಗುತ್ತದೆ.

ಐದು ನಿಮಿಷ ಮಾತಾಡಬೇಕಂತೆ, ಒಬ್ಬೊಬ್ಬರೂ. ಬರಿಯ ಹೆಸರು ಹೇಳಿದರೆ ಜನ ನಂಬುತ್ತಾರೆಯೇ? ನೀನು ಆಡಿದ್ದೆಂದು ಅವರಿಗೆ ಕಣ್ಣಿಗೆ ಕಟ್ಟಬೇಕು. ಸೆಮಿಫೈನಲಿನ ಆ ಗೋಲು. ನೀನು ಊರಿಗೆ ಮರಳಿದ ಮೇಲೆ ನನ್ನ ಮಂಚದ ಬದಿಯಲ್ಲಿ ಕೂತು ಎಷ್ಟು ಸಲ ಹೇಳಿದ್ದೆ, ನೆನಪಿದೆಯಾ? ನಾನು ಗಂಜಿ ಕುಡಿಯುತ್ತಾ, ಕಣ್ಣು ಹಳದಿಯಾಗಿ, ಚಾದರದ ಒಳಗೆ ಕಾಲು ಆಡಿಸುತ್ತಿದ್ದೆ. ನೀನು ಎಡಕ್ಕೆ ಅಂದರೆ ನನ್ನ ಎಡಗಾಲು ತಾನೇ ಅಲುಗುತ್ತಿತ್ತು. ಆದರೆ ಈಗ ಕೆಲವು ಕಡೆ ಮಸುಕು. ಬೂಟಿನದ್ದು ಏನೋ ಇತ್ತಲ್ಲ? ಮತ್ತೆ ನೀನು ನಡುವೆ ಯಾಕೆ ನಿಂತದ್ದು?

ಒಮ್ಮೆ ಸರಿಯಾಗಿ ಬರೆದು ಕಳುಹಿಸು. ನಿನ್ನದನ್ನು ನಿನ್ನ ಮಾತಿನಲ್ಲೇ ಹೇಳಿದರೆ ಚೆನ್ನ.

ನಿನ್ನ
ಸುಮಿ


ವಲ್ಲಾರ್ಪಾಡಂ
27 ಸೆಪ್ಟೆಂಬರ್ 2025

ಸುಮಿ,

ಬರೆಯುತ್ತೇನೆ. ಇದುವರೆಗೆ ಇದನ್ನು ನಿನ್ನೊಬ್ಬಳಿಗೇ ಹೇಳಿದ್ದು.

ಬೂಟು ಯಾರೋ ದಾನ ಕೊಟ್ಟದ್ದು, ಗಂಡಸರದ್ದು. ನನ್ನ ಕಾಲಿಗೆ ದೊಡ್ಡದಾಗಿ ತುದಿಗೆ ತೆಂಗಿನ ಕತ್ತದ ನಾರು ತುರುಕಿದ್ದೆ. ಓಡಿದರೆ ಒಳಗೆ ಚುಚ್ಚುತ್ತಿತ್ತು. ಮಧ್ಯಾಹ್ನದ ಬಿಸಿಲು. ನೆಲ ಗಟ್ಟಿ, ಹುಲ್ಲು ಇದ್ದ ಕಡೆ ಮಾತ್ರ ಮಣ್ಣಿನ ಬಣ್ಣ ಬೇರೆ. ಆಟ ಮುಗಿಯುತ್ತಾ ಬಂದಿತ್ತು, ಗೋಲು ಯಾರದ್ದೂ ಆಗಿರಲಿಲ್ಲ. ನಮ್ಮ ಗೋಲ್‌ಕೀಪರ್ ಜಾಯ್ಸ್, ಕೊಲ್ಲಂನವಳು, ಚೆಂಡನ್ನು ಕೈಯಿಂದಲೇ ನನ್ನ ಕಡೆಗೆ ಎಸೆದಳು. ಗೆರೆಯ ಗುಂಟ ಓಡಿದೆ. ಆಚೆ ತಂಡದವಳು ನನಗಿಂತ ಜೋರು, ಪಕ್ಕದಲ್ಲೇ ಅವಳ ಉಸಿರು ಕೇಳುತ್ತಿತ್ತು.

ಆಗ ಜನರ ನಡುವಿನಿಂದ ಯಾರೋ ಕೂಗಿದರು. "ಸುಮಿತ್ರೇ, ಓಡಿಕ್ಕೋ!" ಗಂಡಸಿನ ಸ್ವರ. ಅದು ನಾನು ಎಂದು ನನಗೆ ಹೊಳೆಯಲಿಲ್ಲ, ಸುಮಿ. ನಿಜವಾಗಿ ಹೊಳೆಯಲಿಲ್ಲ. ನೀನು ಬಂದಿದ್ದೀ ಎಂದುಕೊಂಡೆ. ಕಾಮಾಲೆ ಗುಣವಾಗಿ, ಹೇಗೋ ರೈಲು ಹತ್ತಿ ಬಂದು, ಅಲ್ಲಿ ಎಲ್ಲೋ ನಿಂತಿದ್ದೀ, ಯಾರೋ ನಿನ್ನನ್ನು ಕರೆಯುತ್ತಿದ್ದಾರೆ. ನೋಡಲು ಗಕ್ಕನೆ ನಿಂತೆ. ಆಚೆಯವಳಿಗೆ ನಿಲ್ಲಲು ಆಗಲಿಲ್ಲ, ಹಾಗೆಯೇ ಮುಂದೆ ಜಾರಿಹೋದಳು. ತಿರುಗಿ ನೋಡಿದರೆ ನನ್ನ ಮುಂದೆ ಯಾರೂ ಇಲ್ಲ. ಚೆಂಡು, ಆಮೇಲೆ ಗೋಲು, ಅಷ್ಟೇ. ಎಡಗಾಲಿನಿಂದ ಹೊಡೆದೆ. ಹೊಡೆಯುವಾಗಲೂ ನೀನು ಎಲ್ಲಿ ನಿಂತಿದ್ದೀ ಎಂದೇ ಯೋಚನೆ.

ಎಲ್ಲರೂ ನನ್ನ ಮೇಲೆ ಬಿದ್ದು "ಸುಮೀ ಸುಮೀ" ಎನ್ನುವಾಗ ನೀನು ಬಂದಿಲ್ಲ ಎಂದು ತಿಳಿಯಿತು. ಅವರು ಹೇಳುತ್ತಿದ್ದುದು ನನ್ನನ್ನು. ಫೈನಲಿನಲ್ಲಿ ಸೋತೆವು, ಅದು ನಿನಗೆ ಗೊತ್ತು.

ಈ ನಿಂತ ವಿಷಯ ಹೇಳು. ಸುಮಿತ್ರ ಅಲ್ಲದವಳು ಮಾತ್ರ ಆ ಗೋಲು ಹೊಡೆಯಬಹುದಿತ್ತು. ಕೇಳಿದವರಿಗೆ ಮತ್ತೆ ಸಂಶಯ ಇರಲಿಕ್ಕಿಲ್ಲ.

18ಕ್ಕೆ ಬರುತ್ತೇವೆ. ಇವರು ಹೊಸ ಶರ್ಟು ತೆಗೆದುಕೊಂಡಿದ್ದಾರೆ.

ಜುಬೈದಾ


ವಲ್ಲಾರ್ಪಾಡಂ
24 ಅಕ್ಟೋಬರ್ 2025

ಸುಮಿತ್ರ,

ನಾನು ಎಲ್ಲಿ ಕೂತಿದ್ದೆ ಎಂದು ನಿನಗೆ ಗೊತ್ತು. ಐದನೆಯ ಸಾಲು, ಫ್ಯಾನಿನ ಕೆಳಗೆ. ನೀನು ಮೂರು ಸಲ ನೋಡಿದೆ.

ಸಭೆ ಶುರುವಾಗುವ ಮೊದಲು ಆದದ್ದು ನಿನಗೆ ತಿಳಿಯದು. ಹಳಬರೆಲ್ಲ ವೇದಿಕೆಯ ಕಡೆಗೆ ಹೋಗುತ್ತಿದ್ದರು. ಒಬ್ಬಳು ದಪ್ಪಗಿನ ಹೆಂಗಸು, ತಲೆಗೂದಲು ಪೂರ್ತಿ ಬಿಳಿ, ನಮ್ಮ ಸಾಲಿನ ಹತ್ತಿರ ನಿಂತುಬಿಟ್ಟಳು. ನನ್ನ ತಲೆಯ ಮೇಲೆ ಸೆರಗು, ಕನ್ನಡಕ. ಆದರೂ ಕಣ್ಣು ಕೀಲಿಸಿ ನೋಡಿ, "ಎಡೀ ಸುಮೀ!" ಎಂದು ಕಿರುಚಿದಳು. "ನೀ ಎಂದಾ ತಾಳೆ ಇರಿಕ್ಕುನ್ನೆ?" ಕೆಳಗೆ ಯಾಕೆ ಕೂತಿದ್ದೀ, ಮೇಲೆ ಬಾ ಎಂದು ಕೈ ಹಿಡಿದು ಎಳೆದಳು. ಜಾಯ್ಸ್. ಬೆರಳುಗಳು ಇನ್ನೂ ಹಾಗೆಯೇ, ಗೋಲ್‌ಕೀಪರಿನ ಬೆರಳು.

ಪಕ್ಕದಲ್ಲಿ ಇವರು. ಸುಮಿ ಯಾರು ಎಂಬಂತೆ ನನ್ನ ಮುಖ ನೋಡುತ್ತಿದ್ದರು. ನನ್ನ ಹೆಸರು ಕೇಳಲೆಂದೇ ನಾನು ಅಷ್ಟು ದೂರ ಬಂದದ್ದು. ಬಾಯಿಗೆ ಬಂದದ್ದೂ ಅದೇ. "ಞಾನ್ ಜುಬೈದಾ" ಅಂದೆ. ಅವಳು ಕೈ ಬಿಟ್ಟಳು. "ಸಾರಿ ಚೇಚೀ, ಆಳ್ ಮಾರಿ" ಎಂದಳು. ಅಕ್ಕ, ಕ್ಷಮಿಸಿ, ಬೇರೆ ಯಾರೋ ಎಂದುಕೊಂಡೆ. ಸ್ವಲ್ಪ ಇರು, ಈಗ ಎಲ್ಲ ಗೊತ್ತಾಗುತ್ತದೆ ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿದ್ದಳು. ಇರಲಿ, ನೀನು ಹೇಳುತ್ತೀಯಲ್ಲ, ಎಂದು ಕೂತೆ.

ನೀನು ಅಂಗಿ ತಂದಿದ್ದೆ. ಹನ್ನೊಂದನೇ ನಂಬರಿನದ್ದು. ಗಾಜಿನ ಚೌಕಟ್ಟಿನಲ್ಲಿ ಹಾಕಿಸಿದ್ದೀ. ಒಗೆಸಿದ್ದೀ ಕೂಡ.

ನಿನ್ನ ಮಾತು ಚೆನ್ನಾಗಿತ್ತು. ಬೂಟು ಇತ್ತು, ಕತ್ತ ಇತ್ತು, ಪಕ್ಕದವಳ ಉಸಿರು ಇತ್ತು. ಕಾದೆ. "ಆಗ ಜನರ ನಡುವಿನಿಂದ ಯಾರೋ ನನ್ನ ಹೆಸರು ಕೂಗಿದರು. ಇಡೀ ದೇಶವೇ ಕರೆದ ಹಾಗಿತ್ತು. ನಾನು ನಿಂತೆ" ಎಂದೆ ನೀನು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರೂ ಎದ್ದರು. ಎದ್ದ ಮೇಲೆ ನಾನು ಕೂತಿರುವುದು ಕಂಡು ಹಾಗೆಯೇ ಕೆಳಗೆ ಕೂತರು.

ನೀನು ಹೆಸರು ತೆಗೆದುಕೊಂಡೆ, ಅದು ನಿನ್ನದೇ ಆಗಿತ್ತು. ಕೆಲಸ ತೆಗೆದುಕೊಂಡೆ, ಸರ್ಟಿಫಿಕೇಟು ನಾನೇ ಬಿಟ್ಟು ಹೋಗಿದ್ದೆ. ಆದರೆ ನಾನು ನಿಂತದ್ದು ನಿನ್ನನ್ನು ನೋಡಲಿಕ್ಕೆ. ಅದನ್ನೂ ನೀನೇ ಇಟ್ಟುಕೊಂಡೆಯಾ?

ವಾಪಸು ಬರುವಾಗ ಕೊಲ್ಲಂ ದಾಟುವವರೆಗೆ ಇವರು ಹೊಸ ಶರ್ಟಿನ ಗುಂಡಿ ತಿರುಗಿಸುತ್ತಾ ಕೂತಿದ್ದರು. ಆಮೇಲೆ ಬಾಳೆಹಣ್ಣು ಕರಿದ ಪಳಂಪೊರಿ ತೆಗೆದುಕೊಟ್ಟರು, ಬಿಸಿ ಇದ್ದದ್ದನ್ನೇ ಆರಿಸಿ. "ಎಲ್ಲರಿಗೂ ಒಂದೊಂದು ಆಸೆ ಇರ್ತದೆ ಜುಬೈದಾ. ಅದರಲ್ಲಿ ತಪ್ಪೇನಿಲ್ಲ. ನಂಗೂ ಸಣ್ಣದಿರುವಾಗ ಬ್ರೆಜಿಲಿಗೆ ಆಡ್ಬೇಕು ಅಂತ ಇತ್ತು" ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಈಗ ಮನೆಯಲ್ಲಿ ಆಟ ನೋಡುವಾಗ ಟಿ.ವಿ.ಯ ಶಬ್ದ ಕಡಿಮೆ ಮಾಡುತ್ತಾರೆ, ಒಳಗೆ ಕಾಯಿಲೆಯವರು ಮಲಗಿದ ಹಾಗೆ. ಆಫ್‌ಸೈಡ್ ವಿವರಿಸುವುದನ್ನೂ ಬಿಟ್ಟಿದ್ದಾರೆ.

ಕಲ್ಲು ಇನ್ನೂ ಕೆತ್ತಿಲ್ಲ ಎಂದು ಪೇಪರಿನಲ್ಲಿ ಉಂಟು.

ಜುಬೈದಾ


ಶ್ರೀಕಾರ್ಯಂ
15 ನವೆಂಬರ್ 2025

ಜುಬಿ,

ಏನು ಬರೆದರೂ ನೀನು ನಂಬುವುದಿಲ್ಲ. ಮೈಕಿನ ಮುಂದೆ ನಿಲ್ಲುವವರೆಗೆ ಹೇಳುವ ಮನಸ್ಸೇ ಇತ್ತು. ನಿನ್ನ ಕಾಗದವನ್ನು ಅಷ್ಟು ಸಲ ಓದಿದ್ದೆ, ಬಾಯಿಪಾಠವಾಗುವಷ್ಟು. ನೀನು ಬರೆದದ್ದರಲ್ಲಿ ಎಲ್ಲ ಕಡೆ "ನಾನು" ಎಂದೇ ಇತ್ತು. ಬಾಯಿ ತೆರೆದಾಗ ಹಾಗೆಯೇ ಬಂತು. ಮೊದಲ ಸಾಲಿನಲ್ಲಿ ಕೃಪಾ ಕೂತು ಫೋನಿನಲ್ಲಿ ಹಿಡಿಯುತ್ತಿದ್ದಳು. ಅವಳ ಕಣ್ಣಲ್ಲಿ ನೀರು. ಒಮ್ಮೆ "ನಾನು" ಎಂದ ಮೇಲೆ ನಡುವೆ ನಿಲ್ಲಿಸಿ ಅದು ನಾನಲ್ಲ ಎನ್ನುವುದಕ್ಕೆ ಜಾಗ ಸಿಗಲಿಲ್ಲ.

ಇಷ್ಟು ಸಲ ಕೇಳಿದ್ದೇನೆ, ಜುಬಿ. ಕೆಲವು ಸಲ ನಿದ್ದೆಯಲ್ಲಿ ಚೆಂಡು ನನ್ನ ಕಾಲಿಗೆ ಬರುತ್ತದೆ. ಇದನ್ನು ಸಮರ್ಥನೆ ಎಂದು ತಿಳಿಯಬೇಡ.

ಆದರೆ ನೀನೂ ಒಂದು ಸಲ ನಿನ್ನನ್ನೇ ಕೇಳಿಕೋ. ಜಾಯ್ಸ್ ನಿನ್ನ ಕೈ ಹಿಡಿದಳಂತೆ. ನೀನೇ ಅಲ್ಲ ಎಂದೆಯಂತೆ. ಹೌದು ಎಂದಿದ್ದರೆ ನನಗೆ ಹೇಳುವ ಕೆಲಸವೇ ಉಳಿಯುತ್ತಿರಲಿಲ್ಲ.

ಈಗ ಆ ಜಾಯ್ಸ್ ಸುಮ್ಮನಿಲ್ಲ. ಕೃಪಾಳಿಗೆ ಫೋನ್ ಮಾಡಿ, ಸುಮಿ ಎಡಗಾಲಿನವಳು, ನಿನ್ನ ಅಮ್ಮ ವೇದಿಕೆ ಹತ್ತುವಾಗ ಬಲಗಾಲು ಮೊದಲು ಇಟ್ಟಳು, ಎಂದೆಲ್ಲ ಹೇಳಿದ್ದಾಳೆ. ಕೃಪಾ ನನ್ನನ್ನು ಏನೂ ಕೇಳಲಿಲ್ಲ. ನಿನ್ನ ವಿಳಾಸ ಮಾತ್ರ ಕೇಳಿದಳು. ಪುಸ್ತಕಕ್ಕೆ ಅಮ್ಮನ ಹಳೆಯ ಗೆಳತಿಯ ಮಾತು ಬೇಕು ಎಂದಳು. ಬರುತ್ತಾಳೆ.

ನೋಡಲು ಹೋಗಿದ್ದೆ ಎಂದು ಹೇಳು. ಅಷ್ಟೇ ಕೇಳುವುದು. ಆಟ ನೋಡಲು ಬಂದಿದ್ದೆ, ನಿನ್ನ ಅಮ್ಮ ಚೆನ್ನಾಗಿ ಆಡಿದಳು. ಪೆನ್ಷನ್ ಹೋದರೆ ಹೋಗಲಿ ಎನ್ನಬಹುದು. ಅವಳ ಅಪ್ಪ ಇಲ್ಲ, ನನಗೆ ಅವಳೊಬ್ಬಳೇ. ನಿನಗೆ ಭಾವನಾದರೂ ಇದ್ದಾರೆ.

ಸುಮಿ


ವಲ್ಲಾರ್ಪಾಡಂ
9 ಡಿಸೆಂಬರ್ 2025

ಸುಮಿತ್ರ,

ಕೃಪಾ ಭಾನುವಾರ ಬಂದಿದ್ದಳು. ಒಳ್ಳೆಯ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಬಂದಳು. ಕನ್ನಡ ತಡವರಿಸುತ್ತಾ ಮಾತಾಡುತ್ತಾಳೆ, ಸಿಕ್ಕಿಬಿದ್ದಲ್ಲಿ ಮಲಯಾಳ. ಮಾಡಿದ ಅಕ್ಕಿಯ ಪತ್ತಿರಿ ಎಲ್ಲ ತಿಂದಳು. ನಿನ್ನ ಹಣೆ ಅವಳಿಗೆ ಬಂದಿದೆ.

ರೆಕಾರ್ಡರ್ ಮೇಜಿನ ಮೇಲೆ ಇಟ್ಟಳು. ಇವರು ಪೇಪರು ಹಿಡಿದು ಕಿಟಕಿಯ ಬಳಿ. ಊರು, ಶಾಲೆ, ಮಾಸ್ಟ್ರು ಎಂದು ಸುತ್ತಾಡಿಸಿ ಕೊನೆಗೆ ಕೇಳಿದಳು, "ಆಂಟಿ, ಆ ಮ್ಯಾಚಿಗೆ ನೀವೂ ಹೋಗಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಇವರು ಪೇಪರು ಇಳಿಸಿದರು. "ಹೌದು ಮೋಳೇ, ನೋಡಲಿಕ್ಕೆ ಹೋಗಿದ್ದಳು. ನಿನ್ನ ಅಮ್ಮನ ಆಟ ಅಂದ್ರೆ ಇವಳಿಗೆ ಪ್ರಾಣ." ನನ್ನ ಮಾನ ಉಳಿಸಲಿಕ್ಕೆ ಹೇಳಿದ್ದು. ನೀನು ಹೇಳಿಕೊಟ್ಟ ಮಾತನ್ನೇ, ನಿನ್ನ ಕಾಗದ ಓದದೆಯೇ, ನನ್ನ ಪರವಾಗಿ ಹೇಳಿಬಿಟ್ಟರು.

ಸುಮ್ಮನೆ ಇದ್ದಿದ್ದರೆ ಮುಗಿಯುತ್ತಿತ್ತು. ನಿನ್ನ ಹಾಗೆ.

"ನೋಡಲಿಕ್ಕೆ ಹೋದದ್ದಲ್ಲ. ಆಡಲಿಕ್ಕೆ ಹೋದದ್ದು" ಎಂದೆ. "ನಿನ್ನ ಅಮ್ಮ ಆಗ ಕಾಮಾಲೆಯಾಗಿ ಮಲಗಿದ್ದಳು."

ಕೃಪಾ ನನ್ನನ್ನು ನೋಡಲಿಲ್ಲ. ರೆಕಾರ್ಡರಿನ ಕೆಂಪು ದೀಪ ನೋಡುತ್ತಿದ್ದಳು. ಆಶ್ಚರ್ಯ ಆದವರ ಮುಖ ಅಲ್ಲ ಅದು. ಕೈ ಚಾಚಿ ಅದನ್ನು ಆಫ್ ಮಾಡಿದಳು. ಆಮೇಲೆ ಇನ್ನೂ ಏನೋ ಒತ್ತಿದಳು. ದೀಪ ಎರಡು ಸಲ ಮಿನುಗಿತು. ನನ್ನ ಮಾತು ಅಳಿಸಿದ್ದು.

"ಕಲ್ಲಿನ ಆರ್ಡರ್ ಹೋಗಿಯಾಯ್ತು ಆಂಟಿ" ಎಂದಳು. "ಹೋದ ವಾರ ನಾನೇ ಹೆಸರು ಚೆಕ್ ಮಾಡಿ ಕೊಟ್ಟೆ." ಜಾಯ್ಸ್ ಅವಳಿಗೆ ಫೋನ್ ಮಾಡಿದ್ದು ಅದಕ್ಕಿಂತ ಮೊದಲು. ನಾನು ಅದನ್ನು ಎತ್ತಿ ಆಡಲಿಲ್ಲ. ಅವಳಿಗೂ ಗೊತ್ತು ನನಗೆ ಗೊತ್ತೆಂದು. ಬ್ಯಾಗಿಗೆ ಎಲ್ಲ ತುಂಬಿಕೊಂಡು ಎದ್ದವಳು ಬಾಗಿಲಲ್ಲಿ ತಿರುಗಿ, "ಬುಕ್ಕಿನಲ್ಲಿ ಥ್ಯಾಂಕ್ಸ್ ಹೇಳುವಲ್ಲಿ ನಿಮ್ಮ ಹೆಸರು ಖಂಡಿತ ಹಾಕ್ತೇನೆ" ಎಂದಳು.

"ಬೇಡ ಮಗಾ" ಎಂದೆ.

ಇವರು ಅವಳನ್ನು ಬಸ್ಸಿನವರೆಗೆ ಬಿಟ್ಟು ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಪಾದಗಳನ್ನು ನೋಡುತ್ತಿದ್ದರು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು. ನನಗೆ ನಾಚಿಕೆಯಾಯಿತು, ಸೀರೆಯೊಳಗೆ ಎಳೆದುಕೊಂಡೆ. ನಾನು ಹೇಳಿದ್ದನ್ನು ನಂಬದವರು ಆ ಹುಡುಗಿ ಅಳಿಸಿದ್ದನ್ನು ನಂಬಿದರು. ಅಷ್ಟು ನನಗೆ ಸಿಕ್ಕಿತು. ಮೈಕಿನಲ್ಲಿ ಅಲ್ಲ. ನೀನು ಕೊಟ್ಟದ್ದೂ ಅಲ್ಲ.

ಇದೆಲ್ಲ ಬರೆದದ್ದು ಯಾಕೆಂದರೆ ಕೃಪಾ ನಿನಗೆ ಹೇಳಲಿಕ್ಕಿಲ್ಲ. ಆಂಟಿ ನೋಡಲು ಹೋಗಿದ್ದರಂತೆ ಎಂದು ಹೇಳಿರುತ್ತಾಳೆ, ನಿನಗೆ ನಿದ್ದೆ ಬಂದಿರುತ್ತದೆ. ಅವಳಿಗೆ ಗೊತ್ತು, ಸುಮಿತ್ರ. ಇಲ್ಲಿಗೆ ಬರುವ ಮೊದಲೇ ಗೊತ್ತಿತ್ತು. ಬಂದದ್ದು ತಿಳಿಯಲಿಕ್ಕಲ್ಲ, ನಾನು ಬಾಯಿ ಬಿಡುತ್ತೇನೋ ಎಂದು ನೋಡಲಿಕ್ಕೆ.

ನಾಳೆ ಬೆಳಿಗ್ಗೆ ಅವಳು ನಿನ್ನ ಎದುರು ಕೂತು ದೋಸೆ ತಿನ್ನುತ್ತಾಳೆ. ಔಷಧಿ ತೆಗೆದುಕೊಂಡೆಯಾ ಎಂದು ಕೇಳುತ್ತಾಳೆ. ಪುಸ್ತಕ ಬಂದ ದಿನ ನಿನ್ನ ಕೈಯಲ್ಲಿ ಮೊದಲ ಪ್ರತಿ ಇಡುತ್ತಾಳೆ, ಫೋಟೋ ತೆಗೆಯುತ್ತಾಳೆ. ಆ ಗೋಲು ಹೇಗೆ ಹೊಡೆದೆ ಅಮ್ಮಾ ಎಂದು ಮಾತ್ರ ಇನ್ನು ಯಾವತ್ತೂ ಕೇಳುವುದಿಲ್ಲ.

ಜುಬೈದಾ